ಹಣ್ಣಿದ್ದ ಮರ ಮತ್ತು ಊರ ಕಣ್ಣು



ಪ್ರತಿವರ್ಷ ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾದ ಮೇಲೆ ಶ್ರಾವಣ ಮಾಸದ ಪ್ರತಿಭಾ ಪುರಸ್ಕಾರಕ್ಕಾಗಿ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಮಕ್ಕಳ ಹೆಸರುಗಳನ್ನು ಸಂಗ್ರಹಿಸುವ ಕೆಲಸ ಶ್ರೀಮಠದ ಕಾರ್ಯಾಲಯಕ್ಕೆ ಬರುತ್ತದೆ. ಸಾಮಾನ್ಯವಾಗಿ ನಮ್ಮ ತೊಂದರೆ ಒಂದೇ: ಹೆಸರು ಬಿಟ್ಟುಹೋಯಿತೆಂದು ದೂರುವವರು ಹೆಚ್ಚು. ಈ ಬಾರಿ ರೋಣ ತಾಲೂಕಿನ ಒಂದು ಹಳ್ಳಿಯ ರೈತರೊಬ್ಬರು ಅದಕ್ಕೆ ವಿರುದ್ಧವಾದ ಬಿನ್ನಹವನ್ನು ತಂದರು. ಅವರ ಮಗಳು ವಿಜ್ಞಾನ ವಿಭಾಗದಲ್ಲಿ ತನ್ನ ಕಾಲೇಜಿಗೇ ಹೆಚ್ಚು ಅಂಕ ಪಡೆದವಳು. ತಂದೆ ಕಾರ್ಯಾಲಯದ ಬಾಗಿಲಲ್ಲೇ ನಿಂತು, "ಹೆಸರು ಓದಬ್ಯಾಡ್ರಿ ಸರ, ಬ್ಯಾನರಿಗೆ ಫೋಟೋನೂ ಹಾಕಬ್ಯಾಡ್ರಿ. ಊರ ಕಣ್ಣು ಚಲೋ ಇಲ್ರಿ. ಇವತ್ತ ಚಪ್ಪಾಳಿ ಹೊಡದವರ ನಾಳೆ ಹೊಲದ ದಾರಿಗೆ ಮುಳ್ಳ ಹಚ್ಚತಾರ" ಎಂದರು.

ನಾವು ಮೊದಲು ಇದನ್ನು ದೃಷ್ಟಿದೋಷದ ಮಾತೆಂದೇ ತಿಳಿದು, ಶರಣರು ಇಂಥ ಭಯಗಳನ್ನು ಎಂದೋ ತಳ್ಳಿಹಾಕಿದ್ದಾರೆಂದು ಸಮಾಧಾನ ಹೇಳತೊಡಗಿದೆವು. ಅವರು ಸುಮ್ಮನೆ ಕೇಳಿಕೊಂಡು ಹೊರಟುಹೋದರು. ಆಮೇಲೆ ಯೋಚಿಸಿದಾಗ ನಮ್ಮ ಉಪದೇಶ ದಾರಿ ತಪ್ಪಿದ್ದು ಗೊತ್ತಾಯಿತು. ಅವರು ಹೇಳಿದ್ದು ದೃಷ್ಟಿಯ ಮಾತಲ್ಲ, ದಾರಿಯ ಮಾತು. ಅವರ ಎರಡೂವರೆ ಎಕರೆ ಎರೆಹೊಲಕ್ಕೆ ಇನ್ನೊಬ್ಬರ ಬದುವಿನ ಮೇಲೆ ಹಾಯ್ದೇ ಹೋಗಬೇಕು. ಆ ದಾರಿಗೆ ಕಾಗದಪತ್ರವಿಲ್ಲ, ಇರುವುದು ಬದುವಿನವರ ಮನಸ್ಸು ಮಾತ್ರ. ಮಗಳ ಹೆಸರು ವೇದಿಕೆಯ ಮೇಲೆ ಕೇಳಿಬಂದರೆ ಆ ಮನಸ್ಸು ಕೆಡಬಹುದೆಂಬುದು ಅವರ ಲೆಕ್ಕ. ಹಳ್ಳಿಯಲ್ಲಿ ಬಾಳಿದವರು ಯಾರೂ ಈ ಲೆಕ್ಕವನ್ನು ಸುಳ್ಳೆನ್ನಲಾರರು.

ಈ ಸಂಗತಿಯೇ ಪ್ರಸ್ತುತ ಲೇಖನಕ್ಕೆ ಕಾರಣ. ನಮ್ಮ ನಡುವೆ ಒಬ್ಬರು ಮೇಲೆದ್ದಾಗ ಸಮಾಜವು ಅವರನ್ನು ಹೇಗೆ ನೋಡುತ್ತದೆ, ಶರಣ ಪರಂಪರೆ ಈ ಕುರಿತು ಏನನ್ನು ಕಲಿಸಿತ್ತು, ಅದರಲ್ಲಿ ನಾವು ಯಾವುದನ್ನು ಉಳಿಸಿಕೊಂಡು ಯಾವುದನ್ನು ಮರೆತೆವು ಎಂಬುದನ್ನು ಭಕ್ತರ ಮುಂದೆ ಇಡಬಯಸುತ್ತೇವೆ.

ಗೆದ್ದವರು ಗೆಲುವನ್ನು ಬಚ್ಚಿಡಬೇಕೆಂಬ ಅಲಿಖಿತ ಕಟ್ಟಳೆ ನಮ್ಮ ಸೀಮೆಯಲ್ಲಿ ಬಹಳ ಹಿಂದಿನಿಂದ ಇದೆ. ಹೊಸ ಮನೆಗೆ ಬೂದುಗುಂಬಳಕಾಯಿ ಕಟ್ಟುತ್ತೇವೆ, ಕಟ್ಟುತ್ತಿರುವ ಗೋಡೆಗೆ ರಾಕ್ಷಸ ಮುಖದ ಬೊಂಬೆ ತೂಗುಹಾಕುತ್ತೇವೆ, ಹೊಸ ಟ್ರ್ಯಾಕ್ಟರಿಗೆ ನಿಂಬೆಹಣ್ಣು ಮೆಣಸಿನಕಾಯಿ, ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು. ಕಡಲೆ ಹುಲುಸಾಗಿ ನಿಂತ ವರ್ಷ ಯಾವ ರೈತನನ್ನಾದರೂ ಬೆಳೆ ಹೇಗಿದೆಯೆಂದು ಕೇಳಿ ನೋಡಿರಿ. "ಅಷ್ಟಕ್ಕಷ್ಟ ಐತ್ರಿ" ಎಂಬುದೇ ಉತ್ತರ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವವನನ್ನು ಕಂಡರೆ ಕೇಳಿದವರಿಗೇ ಗಾಬರಿಯಾಗುತ್ತದೆ. ಗಜೇಂದ್ರಗಡದಲ್ಲಿ ಪಟ್ಟೆದ ಅಂಚಿನ ಸೀರೆ ನೇಯುವ ತರುಣರೊಬ್ಬರು ದೂರದ ಗಿರಾಕಿ ಕೊಟ್ಟ ಬೆಲೆಯನ್ನು ಪಕ್ಕದ ಮಗ್ಗದವರಿಗೆ ಕಡಿಮೆ ಮಾಡಿ ಹೇಳುತ್ತೇನೆಂದು ನಮ್ಮೆದುರು ನಕ್ಕರು. ಅವರದು ಮೋಸಗಾರನ ನಗುವಾಗಿರಲಿಲ್ಲ. ಓಣಿಯಲ್ಲಿ ಎಲ್ಲರೊಡನೆ ಒಂದಾಗಿರಬೇಕೆಂಬ ಆಸೆಯೇ ಅಲ್ಲಿತ್ತು.

ಗಾದೆಗಳಲ್ಲಿಯೂ ಇದೇ ಮನೋಭಾವದ ಎರಡು ಮುಖಗಳು ಕಾಣುತ್ತವೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಹೊಸದಾಗಿ ಉಳ್ಳವನಾದವನನ್ನು ಗೇಲಿ ಮಾಡಿದ ನಾಲಗೆಯೇ, ಹಣ್ಣಿದ್ದ ಮರಕ್ಕೇ ಕಲ್ಲು ಎಂದು ಕಲ್ಲೆಸೆಯುವವನನ್ನೂ ಬಯಲಿಗೆಳೆದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಂತೂ ನಮ್ಮೂರಿನ ವೈದ್ಯ, ಶಿಕ್ಷಕ, ಕಲಾವಿದರೆಲ್ಲರ ಅನುಭವ. ದೂರದವರ ಕೀರ್ತಿಯನ್ನು ಒಪ್ಪಿಕೊಳ್ಳುವುದು ಸುಲಭ, ಏಕೆಂದರೆ ಅವರೊಡನೆ ನಾವು ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿರಲಿಲ್ಲ. ಜತೆಯಲ್ಲಿ ಕುಳಿತವನು ಎದ್ದು ನಡೆದಾಗ, ನಾನೇಕೆ ಏಳಲಿಲ್ಲ ಎಂಬ ಪ್ರಶ್ನೆ ನಮ್ಮನ್ನೇ ಇರಿಯುತ್ತದೆ. ಆ ಇರಿತವನ್ನು ತಾಳಲಾರದೆ ಅವನ ಏಳಿಗೆಯಲ್ಲಿ ಏನೋ ಕಳಂಕವಿರಲೇಬೇಕೆಂದು ಹುಡುಕುತ್ತೇವೆ.

ಇದು ನಮ್ಮ ನಾಡಿನದೊಂದೇ ಗುಣವಲ್ಲ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಪ್ರಸಂಗವನ್ನು ಬರೆದಿದ್ದಾನೆ. ಕೊರಿಂತ್ ನಗರದ ಅರಸ ಪೆರಿಯಾಂಡರ್, ರಾಜ್ಯವನ್ನು ಭದ್ರವಾಗಿ ಆಳುವುದು ಹೇಗೆಂದು ತಿಳಿಯಲು ಮಿಲೆಟಸ್ಸಿನ ಅರಸ ಥ್ರಾಸಿಬುಲಸನ ಬಳಿಗೆ ದೂತನನ್ನು ಕಳುಹಿಸಿದನಂತೆ. ಥ್ರಾಸಿಬುಲಸ್ ಉತ್ತರವನ್ನೇ ಹೇಳದೆ ದೂತನೊಡನೆ ಹೊಲದಲ್ಲಿ ನಡೆಯುತ್ತ, ಎಲ್ಲಕ್ಕಿಂತ ಎತ್ತರವಾಗಿ ನಿಂತ ತೆನೆಗಳನ್ನೆಲ್ಲ ಕತ್ತರಿಸಿ ಚೆಲ್ಲಿದ. ದೂತನಿಗೆ ಅರ್ಥವಾಗಲಿಲ್ಲ, ಅರಸನಿಗೆ ಆಯಿತು: ಊರಿನಲ್ಲಿ ತಲೆಯೆತ್ತಿದವರನ್ನು ಉಳಿಸಬೇಡ. ಇಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಜನ ಗೆದ್ದವರನ್ನು ಕೆಳಗೆಳೆಯುವ ಚಾಳಿಗೆ ಎತ್ತರದ ಗಸಗಸೆ ಗಿಡವನ್ನು ಕತ್ತರಿಸುವುದೆಂದು ಹೆಸರಿಟ್ಟಿದ್ದಾರೆ. ಅದು ಇದೇ ಕಥೆಯ ರೋಮನ್ ರೂಪದಿಂದ ಬಂದದ್ದು. ನಮ್ಮ ಎರೆಭೂಮಿಯ ಹಿರಿಯರೂ ಬಿಳಿಜೋಳದ ಹೊಲದಲ್ಲಿ ಉತ್ತಮ ತೆನೆಗಳನ್ನು ಆರಿಸಿ ಮೊದಲೇ ಕೊಯ್ಯುತ್ತಿದ್ದರು. ಅದು ಮುಂದಿನ ವರ್ಷದ ಬೀಜಕ್ಕಾಗಿ. ಆ ಅರಸನಿಗೆ ಹೊಲವಿತ್ತು, ಬೇಸಾಯ ಗೊತ್ತಿರಲಿಲ್ಲ ಎನಿಸುತ್ತದೆ.

ಈಗ ಕಲ್ಯಾಣಕ್ಕೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳ್ವಿಕೆಯಲ್ಲಿ ಅಣ್ಣ ಬಸವಣ್ಣನವರು ಭಂಡಾರಿಯಾಗಿ ಏರಿದ ಎತ್ತರ ಚಿಕ್ಕದಲ್ಲ. ಆ ಏರಿಕೆಯ ಹಿಂದೆಯೇ ನಮ್ಮ ಪುರಾಣ ಪರಂಪರೆ ಇನ್ನೊಬ್ಬನನ್ನೂ ನಿಲ್ಲಿಸಿದೆ: ಕೊಂಡೆಯ ಮಂಚಣ್ಣ. ಕೊಂಡೆಯವೆಂದರೆ ಚಾಡಿ. ಹೆಸರಿನಲ್ಲೇ ಕಸುಬನ್ನು ಹೊತ್ತ ಈತ ಬಸವಣ್ಣನು ರಾಜಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಅರಸನ ಕಿವಿಯಲ್ಲಿ ಹೇಳಿದ. ಇಂದಿನ ಕಚೇರಿಗಳಿಗೆ ಬರುವ ಮೂಗರ್ಜಿಗಳ ಮೂಲಪುರುಷನೆಂದು ಇವನನ್ನು ಕರೆಯಬಹುದು. (ಶ್ರೀಮಠಕ್ಕೂ ಮೂಗರ್ಜಿಗಳು ಬರುತ್ತವೆ. ಅಕ್ಷರ ಗುರುತು ಸಿಗದಂತೆ ಎಡಗೈಯಲ್ಲಿ ಬರೆದಂತೆ ಕಾಣುವ ಆ ಪತ್ರಗಳಲ್ಲಿ ವ್ಯಾಕರಣ ಮಾತ್ರ ಕೆಲವೊಮ್ಮೆ ಚೊಕ್ಕವಾಗಿರುತ್ತದೆ.)

ಈ ಪ್ರಸಂಗದಲ್ಲಿ ನಾವು ಪ್ರವಚನಗಳಲ್ಲಿ ಬೇಗ ದಾಟಿಹೋಗುವ ಒಂದು ಘಟ್ಟವಿದೆ. ಆರೋಪ ಬಂದಾಗ ಬಸವಣ್ಣನವರು ನನ್ನಂಥವನನ್ನು ಕೇಳುತ್ತೀರಾ ಎಂದು ಸಿಡುಕಲಿಲ್ಲ. ಲೆಕ್ಕ ನೋಡಿಕೊಳ್ಳಿರೆಂದು ಭಂಡಾರವನ್ನೇ ತೆರೆದಿಟ್ಟರು. ಎಣಿಸಿದಾಗ ಒಂದು ಹಣವೂ ಕಡಿಮೆಯಿರಲಿಲ್ಲ. ಪುರಾಣಕಾರರು ಇದಕ್ಕೆ ಪವಾಡದ ಬಣ್ಣ ಕೊಟ್ಟಿದ್ದಾರೆ. ಕಾರ್ಯದರ್ಶಿಯ ಕೆಲಸ ಮಾಡುವ ನಮಗೆ ಅದರಲ್ಲಿ ಕಾಣುವುದು ಸರಿಯಾಗಿ ಬರೆದಿಟ್ಟ ಲೆಕ್ಕಪುಸ್ತಕ. ಹೊಟ್ಟೆಕಿಚ್ಚಿನಿಂದ ಹುಟ್ಟಿದ ಪ್ರಶ್ನೆಗೂ ಲೆಕ್ಕದಿಂದಲೇ ಉತ್ತರ ಕೊಡಬಹುದು ಎಂಬುದು ಆ ಘಟ್ಟದ ಪಾಠ. ಮೇಲೆದ್ದವರನ್ನು ಪ್ರಶ್ನಿಸುವುದೆಲ್ಲ ಅಸೂಯೆಯೆಂದು ಹೇಳುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಸಾರ್ವಜನಿಕ ಹಣವನ್ನು ಕೈಯಲ್ಲಿಟ್ಟುಕೊಂಡವರು, ಮಠಗಳೂ ಸೇರಿ, ಲೆಕ್ಕ ಕೇಳಿದವರನ್ನು ಮಂಚಣ್ಣನೆಂದು ಜರೆಯುವಂತಿಲ್ಲ.

ಮುಂದೆ ಕಲ್ಯಾಣದಲ್ಲಿ ನಡೆದದ್ದು ಇದಕ್ಕಿಂತ ಘೋರ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದಾಗ ಊರು ಸಹಿಸಲಿಲ್ಲ. ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಇಲ್ಲಿ ಕತ್ತರಿಸಲ್ಪಟ್ಟದ್ದು ಎಂಥ ತೆನೆ? ಬಸವಣ್ಣನವರಂಥ ಅಧಿಕಾರಿಯ ಏಳಿಗೆಯನ್ನು ಆ ಸಮಾಜ ಗೊಣಗುತ್ತಲಾದರೂ ತಾಳಿಕೊಂಡಿತ್ತು. ಕೆಳಗಿನವರೆಂದು ಎಣಿಸಿದವರು ಸಮನಾಗಿ ಎದ್ದು ನಿಂತದ್ದನ್ನು ತಾಳಲಿಲ್ಲ.

ಇದನ್ನು ಓದುವಾಗ ನಮ್ಮ ಸಮಾಜ ತನ್ನನ್ನು ಹರಳಯ್ಯನವರ ಪಕ್ಷದಲ್ಲಿಯೇ ಕಾಣುತ್ತದೆ. ಆದರೆ ಇಂದಿನ ನಮ್ಮ ಮಾತುಗಳನ್ನು ಸ್ವಲ್ಪ ಕೇಳಿಸಿಕೊಳ್ಳಬೇಕು. ವಾಡೆಯ ಮನೆಯ ಹುಡುಗ ಅಧಿಕಾರಿಯಾದರೆ ಮನೆತನದ ಗುಣ ಎನ್ನುತ್ತೇವೆ. ಅದೇ ಮನೆಯ ಹೊಲದಲ್ಲಿ ಕಳೆ ತೆಗೆಯುವವಳ ಮಗ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಯಾರ ವಶೀಲಿ, ಯಾವ ಮೀಸಲಾತಿ ಎಂಬ ಮಾತು ಕಟ್ಟೆಯ ಮೇಲೆ ಹುಟ್ಟುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸುತ್ತು: ಇಷ್ಟು ಓದಿದವಳಿಗೆ ವರ ಸಿಗುವುದು ಹೇಗೆ ಎಂಬ ಕನಿಕರ. ಈ ಕನಿಕರವೂ ಒಂದು ಕುಡಗೋಲೇ. ಬೆಳೆದವರನ್ನೆಲ್ಲ ನಾವು ಸಮನಾಗಿ ಕತ್ತರಿಸುವುದಿಲ್ಲ. ಬೆಳೆಯಬಾರದೆಂದು ನಾವು ಎಣಿಸಿಕೊಂಡವರ ಮೇಲೆ ಕುಡಗೋಲು ಬೇಗ ಬೀಳುತ್ತದೆ. ಬಸವಾದಿ ಶರಣರ ಹೆಸರು ಹೇಳಿ ಪ್ರಸಾದ ಸ್ವೀಕರಿಸುವ ಪಂಕ್ತಿಯಲ್ಲೇ ಇಂಥ ಮಾತುಗಳನ್ನು ನಾವು ಕೇಳಿದ್ದೇವೆ, ಕೇಳಿಯೂ ಸುಮ್ಮನಿದ್ದೇವೆ.

ಹಾಗೆಂದು ಎಲ್ಲ ಅಸಮಾಧಾನವನ್ನೂ ಹೊಟ್ಟೆಕಿಚ್ಚೆಂದು ಕರೆಯುವುದು ನ್ಯಾಯವಲ್ಲ. ನರಗುಂದದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದಾಗ ಕೆಲವರ ಹೊಲಕ್ಕೆ ನೀರು ಹರಿಯಿತು, ಕಾಲುವೆಯ ಕೊನೆಯಂಚಿನವರಿಗೆ ಸರಿಯಾಗಿ ತಲುಪಲಿಲ್ಲ. ನೀರಾವರಿಯಿಂದ ಭೂಮಿ ಸುಧಾರಿಸಿತೆಂದು ಸರಕಾರ ಕೇಳಿದ ಅಭಿವೃದ್ಧಿ ಕರವನ್ನು ಮಾತ್ರ ಎಲ್ಲರೂ ಕಟ್ಟಬೇಕಾಯಿತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಸಿಟ್ಟು ಸಿಡಿದು ಗೋಲಿಬಾರಿನವರೆಗೆ ಹೋದದ್ದನ್ನು, ಆ ದಿನವನ್ನು ಇಂದಿಗೂ ಹುತಾತ್ಮ ದಿನವಾಗಿ ಆಚರಿಸುತ್ತಿರುವುದನ್ನು ಎಲ್ಲರೂ ಬಲ್ಲರು. ಕಾಲುವೆಯ ತಲೆಯಲ್ಲಿರುವವನ ಹಸಿರನ್ನು ಕೊನೆಯಂಚಿನವನು ನಿಟ್ಟುಸಿರಿನಿಂದ ನೋಡಿದರೆ ಅದನ್ನು ಅಸೂಯೆಯೆಂದು ತೂಗಬಾರದು. ನೀರಿನ ಹಂಚಿಕೆಯನ್ನು ನೋಡಬೇಕು. ಗೆಲುವಿನ ವಿಷಯದಲ್ಲಿಯೂ ಹೀಗೆಯೇ. ಒಬ್ಬನಿಗೆ ಧಾರವಾಡದಲ್ಲಿ ಕೋಚಿಂಗ್, ಇನ್ನೊಬ್ಬನಿಗೆ ಗಣಿತದ ಶಿಕ್ಷಕರೇ ಇಲ್ಲದ ಶಾಲೆ. ಎರಡನೆಯವನು ಗೆದ್ದವನನ್ನು ನೋಡಿ ಮುಖ ತಿರುಗಿಸಿದರೆ ಅವನಿಗೆ ನೀತಿ ಹೇಳುವ ಮೊದಲು ಶಿಕ್ಷಕರನ್ನು ಒದಗಿಸುವುದು ಮೇಲು.

ಹಾಗಾದರೆ ನಮ್ಮ ಸೀಮೆ ಯಾರ ಎತ್ತರವನ್ನು ಮನಸಾರೆ ಒಪ್ಪಿಕೊಂಡಿದೆ? ಜಕ್ಕಲಿಗೆ ಹೋಗಿ ದೊಡ್ಡಮೇಟಿ ಅಂದಾನಪ್ಪನವರ ಹೆಸರು ಹೇಳಿರಿ, ಕುಳಿತವರು ಎದ್ದು ನಿಲ್ಲುತ್ತಾರೆ. ಕರ್ನಾಟಕ ಏಕೀಕರಣಕ್ಕಾಗಿ ಮುಂಬಯಿ ವಿಧಾನಸಭೆಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಉಪವಾಸ ಕುಳಿತವರು ಅವರು. ಅವರ ಮನೆಯಲ್ಲಿರುವ ಭುವನೇಶ್ವರಿಯ ಚಿತ್ರವನ್ನು ಜನ ಈಗಲೂ ಭಕ್ತಿಯಿಂದ ನೋಡಿ ಬರುತ್ತಾರೆ. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಗೆ ದತ್ತುಹೋದ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅವರನ್ನು ತ್ಯಾಗವೀರರೆಂದೇ ಕರೆಯುತ್ತೇವೆ. ಫ.ಗು. ಹಳಕಟ್ಟಿಯವರು ವಚನಗಳ ಮುದ್ರಣಕ್ಕಾಗಿ ಮನೆಯನ್ನೇ ಮಾರಿದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ ಬಂದದ್ದು 1923ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1956ರಲ್ಲಿ, ಅವರ 76ನೆಯ ವಯಸ್ಸಿನಲ್ಲಿ.

ಈ ಮೂವರ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಮೂವರೂ ಏನನ್ನೋ ಕಳೆದುಕೊಂಡವರು: ಒಬ್ಬರು ಸ್ಥಾನವನ್ನು, ಒಬ್ಬರು ಆಸ್ತಿಯನ್ನು, ಒಬ್ಬರು ಮನೆಯನ್ನು. ಕಳೆದುಕೊಂಡವರ ಎತ್ತರವನ್ನು ನಾವು ಪೂಜಿಸುತ್ತೇವೆ. ಗಳಿಸಿದವರ ಎತ್ತರವನ್ನು, ಅವರು ಕಳೆದುಕೊಳ್ಳುವವರೆಗೆ ಅಥವಾ ಕಣ್ಮರೆಯಾಗುವವರೆಗೆ, ಅನುಮಾನದಿಂದಲೇ ನೋಡುತ್ತೇವೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ಇನ್ನೂ ಏನನ್ನೂ ತ್ಯಾಗ ಮಾಡಿಲ್ಲ. ರಾತ್ರಿಯೆಲ್ಲ ಓದಿ ಅಂಕ ಗಳಿಸಿದ್ದಾಳೆ, ಅಷ್ಟೆ. ಅವಳನ್ನು ಯಾವ ಮಾತಿನಿಂದ ಗೌರವಿಸಬೇಕೆಂಬುದು ನಮ್ಮ ಊರುಗಳಿಗೆ ಗೊತ್ತಿಲ್ಲ.

ಶರಣರಿಗೆ ಗೊತ್ತಿತ್ತು. ಅವರು ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಯಾಗಿ ಕೊಟ್ಟರು. ಪ್ರಾಮಾಣಿಕವಾದ ದುಡಿಮೆಯೇ ಪೂಜೆಯೆಂದಾದರೆ ಅದರ ಫಲವೂ ಮೈಲಿಗೆಯಲ್ಲ. ಚೆನ್ನಾಗಿ ಮಾಡಿದ ಕೆಲಸಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಆ ಫಲದಲ್ಲಿ ತನ್ನ ಅಗತ್ಯಕ್ಕಿಂತ ಹೆಚ್ಚಿನದು ಸಮಾಜದ್ದೆಂಬುದು ದಾಸೋಹ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಅಲ್ಲಿ ಪ್ರಶ್ನೆ ಕೇಳಿದವರು ನೆರೆಯವರಲ್ಲ, ಮನೆಯೊಳಗಿನವರು, ಅದೂ ಪ್ರೀತಿಯಿಂದ, ಎಂಬುದನ್ನು ಮಾತ್ರ ಹೇಳುವುದಿಲ್ಲ. ನಾವು ದಾಸೋಹದ ತಗಾದೆಯನ್ನು ಉಳಿಸಿಕೊಂಡಿದ್ದೇವೆ: ಗೆದ್ದವನು ಗುಡಿಗೆ ಏನು ಕೊಟ್ಟ, ಜಾತ್ರೆಗೆ ಎಷ್ಟು ಬರೆಸಿದ ಎಂದು ಕೇಳಲು ಮರೆಯುವುದಿಲ್ಲ. ಕಾಯಕಕ್ಕೆ ಸಲ್ಲಬೇಕಾದ ಮರ್ಯಾದೆ ಎಲ್ಲೋ ಕೈಬಿಟ್ಟುಹೋಗಿದೆ.

ಅನುಭವ ಮಂಟಪದ ಶೂನ್ಯ ಸಿಂಹಾಸನವನ್ನೂ ಇಲ್ಲಿ ನೆನೆಯಬೇಕು. ಅದನ್ನು ಏರಿದವರು ಮದ್ದಳೆಯ ಕಸುಬಿನಿಂದ ಬಂದ ಅಲ್ಲಮಪ್ರಭುದೇವರು. ಏರಿಸಿದವರು ರಾಜ್ಯದ ಭಂಡಾರಿ ಬಸವಣ್ಣನವರು. ಇನ್ನೊಬ್ಬರ ಎತ್ತರದ ಮುಂದೆ ತಾವು ಕುಗ್ಗುತ್ತೇವೆಂಬ ಅಂಜಿಕೆ ಅವರಿಗೆ ಇರಲಿಲ್ಲ.

ಗೆದ್ದವರಿಗೂ ಒಂದು ಮಾತು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಹೊಗಳಿಕೆಯನ್ನು ಬಸವಣ್ಣನವರು ಚಿನ್ನದ ಶೂಲಕ್ಕೆ ಹೋಲಿಸಿದ್ದಾರೆ. ಲೋಹ ಯಾವುದಾದರೇನು, ಅದು ಚುಚ್ಚುವುದು ತಪ್ಪುವುದಿಲ್ಲ. ಬಸ್ ನಿಲ್ದಾಣದಿಂದ ಅಗಸೆಯವರೆಗೆ ಒಬ್ಬರದೇ ಮುಖದ ಫ್ಲೆಕ್ಸುಗಳನ್ನು ಕಟ್ಟಿಸಿದಾಗ ಊರಿನ ಹೊಟ್ಟೆ ಉರಿದರೆ ತಪ್ಪೆಲ್ಲ ಊರಿನದೇ ಎನ್ನಲಾಗದು. ಈ ವಿಷಯದಲ್ಲಿ ನಮ್ಮ ಕೈಯೂ ಶುದ್ಧವಿಲ್ಲ. ಶ್ರೀಮಠದ ಸಮಾರಂಭಗಳಲ್ಲಿ ದೊಡ್ಡ ಕಾಣಿಕೆ ಕೊಟ್ಟವರಿಗೆ ಮುಂದಿನ ಸಾಲು, ಶಾಲು, ಹಾರ, ಹತ್ತು ನಿಮಿಷಗಳ ಪರಿಚಯ ಭಾಷಣ. ಅಂಕ ಗಳಿಸಿದ ಮಕ್ಕಳಿಗೆ ಮಧ್ಯಾಹ್ನದ ಬಿಸಿಲು ಏರಿದ ಮೇಲೆ ಗಡಿಬಿಡಿಯಲ್ಲಿ ಒಂದು ಪ್ರಮಾಣಪತ್ರ. ಹಲವು ವರ್ಷ ಆ ಕಾರ್ಯಕ್ರಮ ಪಟ್ಟಿಯನ್ನು ಬರೆದವರು ನಾವೇ. ಯಾವ ಎತ್ತರಕ್ಕೆ ಬೆಲೆಯೆಂಬುದನ್ನು ಊರು ನಮ್ಮ ವೇದಿಕೆಯಿಂದಲೂ ಕಲಿತಿದೆ.

ಇಂಥ ವಾತಾವರಣದ ಫಲ ಕಣ್ಣಿಗೆ ಕಾಣುವಂತಿದೆ. ಹೊರಗೆ ಹೋಗಿ ಗೆದ್ದ ಮಕ್ಕಳು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಮನೆ ಮಾಡುತ್ತಾರೆ, ಜಾತ್ರೆಗೆ ಬಂದು ತೇರು ಎಳೆದು ಅದೇ ಸಂಜೆಯ ಬಸ್ಸು ಹಿಡಿಯುತ್ತಾರೆ. ಉದ್ಯೋಗವಿಲ್ಲದ್ದು ಒಂದು ಕಾರಣ, ನಿಜ. ಇನ್ನೊಂದನ್ನು ಒಬ್ಬ ವೈದ್ಯರು ನಮಗೆ ಹೇಳಿದರು: ಊರಲ್ಲಿ ದವಾಖಾನೆ ತೆರೆಯಬೇಕೆಂದು ಬಂದಾಗ ಮೊದಲ ತಿಂಗಳು ಕೇಳಿದ ಪ್ರಶ್ನೆ, ಅಲ್ಲಿ ನಡೆಯಲಿಲ್ಲವೆಂದು ಇಲ್ಲಿಗೆ ಬಂದಿರಾ ಎಂಬುದಂತೆ. ಅವರು ಹಿಂದಿರುಗಿದರು. ಆ ಊರಿನವರು ಈಗ ಜ್ವರಕ್ಕೂ ಗದುಗಿಗೆ ಹೋಗುತ್ತಾರೆ.

ಈ ವರ್ಷದ ಪುರಸ್ಕಾರ ಸಮಾರಂಭದಲ್ಲಿ, ಪರಮಪೂಜ್ಯರ ಅಪ್ಪಣೆಯ ಮೇರೆಗೆ, ಕೆಲವು ಬದಲಾವಣೆಗಳನ್ನು ಮಾಡಿದ್ದೇವೆ. ಮಕ್ಕಳ ಭಾವಚಿತ್ರಗಳ ಬ್ಯಾನರ್ ಇರುವುದಿಲ್ಲ. ಹೆಸರುಗಳನ್ನು ಅಂಕಗಳ ಕ್ರಮದಲ್ಲಿ ಓದದೆ ಊರುಗಳ ಕ್ರಮದಲ್ಲಿ ಓದಲಾಗುವುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಕಲಿಸಿದ ಒಬ್ಬ ಶಿಕ್ಷಕರನ್ನೂ ಊರಿನ ಒಬ್ಬ ಹಿರಿಯರನ್ನೂ ವೇದಿಕೆಗೆ ಕರೆತರಬೇಕು; ಆ ಹಿರಿಯರ ಕೈಯಿಂದಲೇ ಗ್ರಂಥ ಮತ್ತು ಪ್ರಮಾಣಪತ್ರವನ್ನು ಕೊಡಿಸಲಾಗುವುದು. ಸಮಾರಂಭ ಮುಂಜಾನೆ ಮಕ್ಕಳಿಂದಲೇ ಆರಂಭವಾಗುತ್ತದೆ, ದಾನಿಗಳ ಸನ್ಮಾನ ಆನಂತರ. ಇದರಿಂದ ಕೆಲವು ಹಿರಿಯ ದಾನಿಗಳಿಗೆ ಬೇಸರವಾಗಿದೆಯೆಂದು ಕೇಳಿದ್ದೇವೆ. ಅವರಲ್ಲಿ ಕ್ಷಮೆ ಕೋರುತ್ತೇವೆ, ಕ್ರಮವನ್ನು ಮಾತ್ರ ಬದಲಿಸುವುದಿಲ್ಲ.

ಮೂರೂ ತಾಲೂಕುಗಳ ಪಾಲಕರು ಅಂಕಪಟ್ಟಿಯ ನಕಲು ಪ್ರತಿಯೊಡನೆ ಹೆಸರುಗಳನ್ನು ಶ್ರಾವಣ ಆರಂಭವಾಗುವ ಮೊದಲೇ ಶ್ರೀಮಠದ ಕಾರ್ಯಾಲಯಕ್ಕೆ ತಲುಪಿಸಬೇಕು. ಹೆಸರನ್ನು ಓದುವುದು ಬೇಡವೆನ್ನುವವರು ಹಾಗೆಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಗ್ರಂಥವನ್ನು ಮನೆಗೇ ತಲುಪಿಸುತ್ತೇವೆ, ಕಾರಣ ಕೇಳುವುದಿಲ್ಲ. ಆ ರೈತರ ಊರಿಗೆ ನಾವು ಕಳೆದ ವಾರ ಹೋಗಿ, ಬದುವಿನ ಒಡೆಯರಾದ ಹಿರಿಯರನ್ನು ಕಂಡು, ಹುಡುಗಿಗೆ ಪ್ರಮಾಣಪತ್ರವನ್ನು ಅವರೇ ಕೊಡಬೇಕೆಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಅಷ್ಟ ಶ್ಯಾಣ್ಯಾಕಿ ಅದಾಳೇನ್ರಿ?" ಎಂದು ಕೇಳಿದರು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಚಹ ಕುಡಿಸಿ ಕಳುಹಿಸಿದರು.